ಗಾಜು ದಾಟದ ಮಲ್ಲಿಗೆ ಘಮಕ್ಕೆ ಒಂಬತ್ತು ಲಕ್ಷ ಕೊಡಬೇಕಾ?

ಪ್ರಶ್ನೆ: ಮೇಡಂ, ದಾವಣಗೆರೆಯಲ್ಲಿ ನಮ್ಮದು ಸೀರೆ ಅಂಗಡಿ. ತಂದೆಯವರು 1988ರಲ್ಲಿ ಶುರು ಮಾಡಿದ್ದು, ಈಗ ನಾನು ಮತ್ತು ನನ್ನ ತಮ್ಮ ನೋಡಿಕೊಳ್ಳುತ್ತಿದ್ದೇವೆ. ಅಂಗಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಮುಂದೆ 14 ಅಡಿ ಅಗಲದ ಗಾಜಿನ ಶೋಕೇಸ್ ಇದೆ. ಮೊನ್ನೆ ಬೆಂಗಳೂರಿನಿಂದ ಒಂದು ಏಜೆನ್ಸಿಯವರು ಬಂದಿದ್ದರು. 'ಸುಮ್ನೆ ಬೊಂಬೆ ನಿಲ್ಲಿಸಿದರೆ ಈಗ ಯಾರೂ ನೋಡಲ್ಲ, ಕಣ್ಣು ಕಿವಿ ಮೂಗು ಎಲ್ಲಕ್ಕೂ ಅನುಭವ ಕೊಡಬೇಕು' ಎಂದರು. ಎಲ್‌ಇಡಿ ಪರದೆ, ಮಲ್ಲಿಗೆ ಪರಿಮಳದ ಯಂತ್ರ, ಸ್ಪೀಕರ್, ಜನ ಹತ್ತಿರ ಬಂದರೆ ತಾನಾಗಿ ಶುರುವಾಗುವ ಸೆನ್ಸರ್, ತಿರುಗುವ ಸ್ಟ್ಯಾಂಡ್, ಎಲ್ಲ ಸೇರಿ 9 ಲಕ್ಷ. ತಮ್ಮನಿಗೆ ತುಂಬಾ ಇಷ್ಟವಾಗಿದೆ. ತಂದೆಯವರು 'ದುಡ್ಡು ಸುಡುವ ಕೆಲಸ' ಎನ್ನುತ್ತಾರೆ. ಪಕ್ಕದ ರಸ್ತೆಯ ರೆಡಿಮೇಡ್ ಅಂಗಡಿಯವರು ದೊಡ್ಡ ಪರದೆ ಹಾಕಿದ್ದಾರೆ, ಸಂಜೆ ಹುಡುಗರು ನಿಂತು ಸೆಲ್ಫಿ ತೆಗೆಯುತ್ತಾರೆ. ನಮ್ಮಲ್ಲಿಗೂ ಹಾಗೆ ಜನ ಬರುತ್ತಾರಾ? ಪರಿಮಳದಿಂದ ಯಾರಿಗಾದರೂ ತೊಂದರೆ ಆಗುತ್ತಾ? ನಮ್ಮ ಹಳೆಯ ಫೈಬರ್ ಬೊಂಬೆಗಳನ್ನು ಬಿಸಾಡಬೇಕಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಈ ಕೊಟೇಶನ್‌ಗೆ ಈಗ ಸಹಿ ಹಾಕಬೇಡಿ. ಹಾಗಂತ ಏಜೆನ್ಸಿಯವರು ಹೇಳಿದ್ದೆಲ್ಲ ಸುಳ್ಳು ಅಂತಲೂ ಅಲ್ಲ. ನೀವು ಕೇಳಿರುವ ಪ್ರಶ್ನೆ ಮೂರಾದರೂ ಒಳಗಿರುವ ಅಳುಕು ಒಂದೇ ಅನ್ನಿಸಿತು: ಪಕ್ಕದ ರಸ್ತೆಯವರು ಮುಂದೆ ಹೋಗಿಬಿಟ್ಟರು, ನಾವು ಇಲ್ಲೇ ಉಳಿದೆವು ಅಂತ. ಬಟ್ಟೆ ಅಂಗಡಿಗಳ ಶೋಕೇಸ್ ಸಿಂಗರಿಸುವುದೇ ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ. ಈ ಅಳುಕಿನಲ್ಲಿ ಕೊಂಡ ಯಂತ್ರಗಳು ಆರು ತಿಂಗಳಲ್ಲಿ ಗೋಡೌನ್ ಸೇರಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಕಣ್ಣಿನ ಜೊತೆಗೆ ಕಿವಿಗೂ ಕೆಲಸ ಕೊಡುವ ಶೋಕೇಸ್ ಹೊಸದೇನಲ್ಲ. 1938ರ ಕ್ರಿಸ್‌ಮಸ್ ಹೊತ್ತಿಗೆ ನ್ಯೂಯಾರ್ಕ್‌ನ ಲಾರ್ಡ್ ಅಂಡ್ ಟೇಲರ್ ಅಂಗಡಿಯವರು ತಮ್ಮ ಕಿಟಕಿಗಳಲ್ಲಿ ಮಾರುವ ಸರಕು ಒಂದನ್ನೂ ಇಡಲಿಲ್ಲ. ಬರೀ ಚಿನ್ನದ ಬಣ್ಣದ ಗಂಟೆಗಳು. ಅವು ತೂಗುವುದಕ್ಕೆ ಸರಿಯಾಗಿ ರೆಕಾರ್ಡ್ ಮಾಡಿದ ಗಂಟೆ ಸದ್ದು ಕೇಳುತ್ತಿತ್ತು. 2023ರಲ್ಲಿ ಅದೇ ಊರಿನಲ್ಲಿ ದುಬಾರಿ ಬ್ಯಾಗ್ ಮಾರುವ ಲೂಯಿ ವಿಟಾನ್ ಅಂಗಡಿಯ ಕಿಟಕಿಯಲ್ಲಿ, ಚುಕ್ಕಿ ಚಿತ್ರಗಳಿಗೆ ಹೆಸರಾದ ಜಪಾನಿನ ಕಲಾವಿದೆ ಯಾಯೋಯಿ ಕುಸಾಮಾ ಅವರಂತೆಯೇ ಕಾಣುವ ರೋಬೋ ನಿಂತು, ಕುಂಚ ಹಿಡಿದು ಚುಕ್ಕಿ ಇಡುವ ಹಾಗೆ ಕೈಯಾಡಿಸುತ್ತಿತ್ತು. ಏಜೆನ್ಸಿಯವರ ಲ್ಯಾಪ್‌ಟಾಪ್‌ನಲ್ಲಿ ಈ ವಿಡಿಯೋ ನೀವೂ ನೋಡಿರಬೇಕು, ಎಲ್ಲರಿಗೂ ತೋರಿಸುತ್ತಾರೆ. ಆದರೆ ಅಂಥ ರೋಬೋ ನಿಲ್ಲಿಸುವುದು ಆ ರಸ್ತೆಯಲ್ಲಿ ಹೋಗುವವರಿಗೆ ನಾಲ್ಕು ಬ್ಯಾಗ್ ಮಾರಲು ಅಲ್ಲ. ಊರೂರಿನ ಫೋನ್‌ಗಳಲ್ಲಿ ಅದರ ಚಿತ್ರ ಓಡಾಡಲಿ ಅಂತ. ನಿಮಗೆ ಬೇಕಿರುವುದು ಹರಿಹರದಿಂದಲೋ ಜಗಳೂರಿನಿಂದಲೋ ಮದುವೆ ಜವಳಿಗೆ ಬಂದವರು ನಿಮ್ಮ ಮೆಟ್ಟಿಲು ಹತ್ತುವುದು. ಎರಡೂ ಬೇರೆ ಬೇರೆ ಕೆಲಸ.

ನನಗೆ ಎಲ್ಲಕ್ಕಿಂತ ಇಷ್ಟವಾದ ಕಿಟಕಿ ಇನ್ನೊಂದಿದೆ. ಟೋಕಿಯೋದ ಗಿಂಜಾದಲ್ಲಿರುವ ಎರ್ಮೆಸ್ ಅಂಗಡಿಗೆ 2009ರಲ್ಲಿ ತೊಕುಜಿನ್ ಯೋಶಿಯೋಕಾ ಎಂಬ ವಿನ್ಯಾಸಕ ಮಾಡಿಕೊಟ್ಟದ್ದು. ಒಂದು ಪರದೆ, ಅದರಲ್ಲಿ ಒಬ್ಬ ಹೆಂಗಸಿನ ಮುಖ. ಎದುರಿಗೆ ಒಂದು ಸ್ಕಾರ್ಫ್ ಇಳಿಬಿಟ್ಟಿದ್ದಾರೆ. ಆಕೆ ಉಫ್ ಅಂತ ಊದಿದಾಗ ಸ್ಕಾರ್ಫ್ ಮೆಲ್ಲಗೆ ಅಲುಗುತ್ತದೆ. ಅಷ್ಟೇ. ಪರಿಮಳವಿಲ್ಲ, ಹಾಡಿಲ್ಲ. ಆದರೂ ಆ ಬಟ್ಟೆ ಎಷ್ಟು ಹಗುರ ಅಂತ ಮುಟ್ಟದೆಯೇ ಬೆರಳಿಗೆ ಗೊತ್ತಾಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಈಗ ಮಲ್ಲಿಗೆ ಯಂತ್ರದ ವಿಷಯ. ಇದರಲ್ಲೊಂದು ತಮಾಷೆ ಇದೆ. ಗಾಜಿನೊಳಗೆ ಬಿಟ್ಟ ಪರಿಮಳ ಗಾಜಿನೊಳಗೇ ಇರುತ್ತದೆ. ಫುಟ್‌ಪಾತ್‌ನಲ್ಲಿ ನಿಂತವರ ಮೂಗಿಗೆ ಬರುವುದು ಆಟೋ ಹೊಗೆ ಮತ್ತು ಪಕ್ಕದ ಗಾಡಿಯ ಮಿರ್ಚಿ ಎಣ್ಣೆ. ಇಷ್ಟು ಸಣ್ಣ ವಿಷಯ ನನಗೂ ಒಮ್ಮೆ ಹೊಳೆಯಲಿಲ್ಲ. ಬೆಂಗಳೂರಿನ ಒಂದು ಅಂಗಡಿಯಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಶೋಕೇಸ್ ಒಳಗೆ ಇಂಥ ಯಂತ್ರ ಇಡಿಸಿದ್ದೆ. ಹಿಂದಿನ ಪ್ಲೈವುಡ್ ಬಾಗಿಲ ಸಂದಿಯಿಂದ ಪರಿಮಳವೆಲ್ಲ ಅಂಗಡಿಯೊಳಕ್ಕೆ ನುಗ್ಗಿತು. ಹೊರಗೆ ಒಂದಿಷ್ಟೂ ಇಲ್ಲ. ಬಿಲ್ಲಿಂಗ್‌ನಲ್ಲಿ ಕೂರುತ್ತಿದ್ದ ಹುಡುಗಿಗೆ ಮೂರನೇ ದಿನಕ್ಕೆ ತಲೆನೋವು. ನಾಲ್ಕನೇ ದಿನ ಯಾರೋ ಪ್ಲಗ್ ಕಿತ್ತಿಟ್ಟಿದ್ದರು. ಯಾರು ಅಂತ ನಾನೂ ಕೇಳಲಿಲ್ಲ.

ಹಾಗಾದರೆ ಪರಿಮಳವನ್ನು ಬೀದಿಗೇ ಬಿಟ್ಟರೆ? ಅದೂ ಕಷ್ಟ. 2006ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಲಿನ ಜಾಹೀರಾತಿಗೆಂದು ಐದು ಬಸ್ ಸ್ಟಾಪ್‌ಗಳಲ್ಲಿ ಚಾಕೊಲೇಟ್ ಬಿಸ್ಕತ್ತಿನ ಪರಿಮಳದ ಪಟ್ಟಿ ಅಂಟಿಸಿದ್ದರು. ಅಲರ್ಜಿ, ಆಸ್ತಮಾ ಇರುವವರ ಗತಿಯೇನು ಎಂಬ ದೂರು ಬಂತು, ಬಂದಷ್ಟೇ ಬೇಗ ಪಟ್ಟಿಗಳನ್ನು ಕಿತ್ತರು. ನಿಮ್ಮ ಗಿರಾಕಿಗಳನ್ನೇ ನೆನಪಿಸಿಕೊಳ್ಳಿ. ಮದುವೆ ಜವಳಿಗೆ ಹನ್ನೆರಡು ಜನ ಬಂದರೆ ಅವರಲ್ಲಿ ಒಬ್ಬ ಬಸುರಿ, ಒಬ್ಬರು ಉಬ್ಬಸದ ಅಜ್ಜಿ ಇದ್ದೇ ಇರುತ್ತಾರೆ. ಅವರಿಗೆ ಹೊಟ್ಟೆ ತೊಳೆಸಿದರೆ ಹನ್ನೆರಡು ಜನರೂ ಎದ್ದು ಹೋಗುತ್ತಾರೆ. ಇನ್ನೊಂದು ವಿಷಯ, ಪರಿಮಳದ ಎಣ್ಣೆ ಸೀರೆ ಮೇಲೆ ಕೂತರೆ ಕಲೆ ಹೋಗುವುದು ಕಷ್ಟ. ರೇಷ್ಮೆಯ ಹತ್ತಿರ ಯಾವ ಸ್ಪ್ರೇಯೂ ಬೇಡ.

ಪರಿಮಳಕ್ಕೆ ಶಕ್ತಿಯೇ ಇಲ್ಲವೆಂದು ಇದರರ್ಥವಲ್ಲ. ಸ್ವಿಟ್ಜರ್‌ಲೆಂಡ್‌ನ ಮನೆ ಅಲಂಕಾರದ ಅಂಗಡಿಯೊಂದರಲ್ಲಿ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಗಿತ್ತು. ಬರೀ ಕಿತ್ತಳೆ ಪರಿಮಳ ಇದ್ದ ದಿನಗಳಲ್ಲಿ ಜನ ಜಾಸ್ತಿ ಖರ್ಚು ಮಾಡಿದ್ದರು. ಕಿತ್ತಳೆಗೆ ಬೇಸಿಲ್ ಸೊಪ್ಪು, ಗ್ರೀನ್ ಟೀ ಎಲ್ಲ ಬೆರೆಸಿದ ದುಬಾರಿ ಪರಿಮಳಕ್ಕೆ ಆ ಫಲ ಸಿಗಲಿಲ್ಲ. ಇದರಲ್ಲಿ ಎರಡು ವಿಷಯ ಗಮನಿಸಿ. ಪರಿಮಳ ಇದ್ದದ್ದು ಅಂಗಡಿಯ ಒಳಗೆ. ಗೆದ್ದದ್ದು ಒಂದೇ ಒಂದು, ಎಲ್ಲರಿಗೂ ಗುರುತು ಸಿಗುವ ಪರಿಮಳ. ನಿಮಗೆ ಅದಕ್ಕೆ ಯಂತ್ರವೇ ಬೇಡ. ಬಾಗಿಲ ಪಕ್ಕ ಹಿತ್ತಾಳೆ ತಟ್ಟೆಯಲ್ಲಿ ನಿಜವಾದ ಮಲ್ಲಿಗೆ ಇಡಿ, ಬಂದ ಹೆಂಗಸರಿಗೆ ಒಂದೊಂದು ತುಂಡು ಕೊಡಿ. ಮುಡಿಯಲ್ಲಿಟ್ಟುಕೊಂಡು ಹೊರಗೆ ಹೋದವರ ಜೊತೆ ನಿಮ್ಮ ಅಂಗಡಿಯೂ ಸ್ವಲ್ಪ ದೂರ ನಡೆಯುತ್ತದೆ. ಅಗರಬತ್ತಿ ಮಾತ್ರ ಪೂಜೆ ಮುಗಿದ ಕೂಡಲೇ ಆರಿಸಿ. ಬಟ್ಟೆ ಅಂಗಡಿ, ಕಿಡಿಯ ಜೊತೆ ಆಟ ಬೇಡ.

ಪರದೆಗೆ ಬರೋಣ. ಒಂದು ಲೆಕ್ಕ ಹಾಕಿ. ನಡೆಯುವವರು ಸೆಕೆಂಡಿಗೆ ಸುಮಾರು 1.3 ಮೀಟರ್ ಹೋಗುತ್ತಾರೆ. ನಿಮ್ಮ 14 ಅಡಿ ಅಂದರೆ ನಾಲ್ಕೂಕಾಲು ಮೀಟರ್. ಮೂರು ಸೆಕೆಂಡಿನಲ್ಲಿ ನಿಮ್ಮ ಶೋಕೇಸ್ ದಾಟಿಬಿಡುತ್ತಾರೆ. 30 ಕಿಲೋಮೀಟರ್ ವೇಗದ ಸ್ಕೂಟರ್‌ನವರಿಗೆ ಸಿಗುವುದು ಅರ್ಧ ಸೆಕೆಂಡ್. ಏಜೆನ್ಸಿಯವರು ತೋರಿಸಿದ ವಿಡಿಯೋ ಎಷ್ಟು ಉದ್ದ ಇತ್ತು? ಮಾಡೆಲ್ ಮೆಟ್ಟಿಲಿಳಿದು ಬಂದು ಸೆರಗು ತೋರಿಸುವ ಹೊತ್ತಿಗೆ ನಿಮ್ಮ ಗಿರಾಕಿ ಮೂರು ಅಂಗಡಿ ಮುಂದೆ ಹೋಗಿರುತ್ತಾರೆ.

ಅದಕ್ಕಿಂತ ದೊಡ್ಡ ತೊಡಕು ನಿಮ್ಮ ಪಶ್ಚಿಮದ ಬಿಸಿಲು. ಮಧ್ಯಾಹ್ನ ನಾಲ್ಕಕ್ಕೆ ರಸ್ತೆಯ ಆಚೆ ಬದಿ ನಿಂತು ನಿಮ್ಮ ಅಂಗಡಿಯನ್ನು ನೀವೇ ನೋಡಿ. ಸೀರೆ ಕಾಣುವುದಿಲ್ಲ. ಎದುರು ಅಂಗಡಿಯ ಬೋರ್ಡು, ನಿಂತ ಬೈಕುಗಳು, ಮಧ್ಯೆ ನೀವು ಕಾಣುತ್ತೀರಿ. ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ; ನೇರ ಬಿಸಿಲಿನಲ್ಲಿ ಅದು ಒಂದು ಲಕ್ಷದವರೆಗೂ ಇರುತ್ತದೆ. ಶೋಕೇಸ್ ಒಳಗೆ ಒಳ್ಳೆ ಲೈಟ್ ಹಾಕಿದರೂ ಒಂದೆರಡು ಸಾವಿರ. ಹೊರಗೆ ಬೆಳಕು ಜಾಸ್ತಿ ಇದ್ದಾಗ ಗಾಜು ಕನ್ನಡಿಯಾಗುತ್ತದೆ. ಇದು ಹಳೆಯ ತಲೆನೋವು. 1936ರಲ್ಲಿ ಲಂಡನ್ನಿನ ಪಿಕಡಿಲಿಯಲ್ಲಿ ಸಿಂಪ್ಸನ್ ಎಂಬ ಬಟ್ಟೆ ಅಂಗಡಿ ಕಟ್ಟಿದಾಗ, ಬೀದಿಯ ಪ್ರತಿಬಿಂಬ ಬೀಳದಂತೆ ಒಳಕ್ಕೆ ಬಾಗಿದ ಗಾಜನ್ನೇ ಹಾಕಿಸಿದ್ದರು. ನಾವು ಅಷ್ಟು ದೂರ ಹೋಗುವುದು ಬೇಡ. ಆದರೆ ಮನೆಯ ಟಿವಿಯಂಥ ಪರದೆಯ ಬೆಳಕು 300ರಿಂದ 500 ನಿಟ್ಸ್ (ಪರದೆ ಎಷ್ಟು ಪ್ರಖರ ಎನ್ನುವ ಅಳತೆ). ಬಿಸಿಲಿಗೆ ಮುಖ ಮಾಡಿದ ಕಿಟಕಿಗೆ 2,500 ನಿಟ್ಸ್ ಆಸುಪಾಸಿನದು ಬೇಕು, ಅದು ಬೇರೆಯೇ ಸರಕು, ಬೇರೆಯೇ ಬೆಲೆ. ಕೊಟೇಶನ್‌ನಲ್ಲಿ ನಿಟ್ಸ್ ಎಷ್ಟು ಅಂತ ಬರೆದಿದೆಯಾ ನೋಡಿ. ಎಲ್‌ಇಡಿ ವಾಲ್, ಅಂದರೆ ಸಣ್ಣ ಸಣ್ಣ ಬೆಳಕಿನ ಚುಕ್ಕಿಗಳನ್ನು ಜೋಡಿಸಿದ ದೊಡ್ಡ ಪರದೆ ಆದರೆ ಬೆಳಕಿಗೆ ಕೊರತೆಯಿಲ್ಲ, ಆದರೆ ಚುಕ್ಕಿಗಳ ನಡುವಿನ ಅಂತರ ಕೇಳಿ. ಎಷ್ಟು ಮಿಲಿಮೀಟರ್ ಅಂತರವೋ ಹೆಚ್ಚುಕಡಿಮೆ ಅಷ್ಟು ಮೀಟರ್ ದೂರದಿಂದ ಚಿತ್ರ ಚೆನ್ನಾಗಿ ಕಾಣುತ್ತದೆ. ನಿಮ್ಮ ಫುಟ್‌ಪಾತ್ ಅಗಲ ನಾಲ್ಕೈದು ಅಡಿ ಇದ್ದರೆ ಹತ್ತಿರದವರಿಗೆ ಕಾಣುವುದು ಸೀರೆಯಲ್ಲ, ಬಣ್ಣದ ಚುಕ್ಕಿ.

ಸೆನ್ಸರ್ ಬಗ್ಗೆ ಒಂದೇ ಮಾತು. ಅಗ್ಗದ ಸೆನ್ಸರ್‌ಗಳು ಮೈಯ ಶಾಖವನ್ನು ಗುರುತಿಸುತ್ತವೆ, ಪಿಐಆರ್ ಅನ್ನುತ್ತಾರೆ. ಆ ಶಾಖದ ಕಿರಣ ಸಾಮಾನ್ಯ ಗಾಜನ್ನು ದಾಟುವುದಿಲ್ಲ. ಗಾಜಿನ ಒಳಗೆ ಅದನ್ನಿಟ್ಟರೆ ಹೊರಗೆ ಆನೆ ಬಂದು ನಿಂತರೂ ಅದಕ್ಕೆ ತಿಳಿಯದು. ಅದರ ಬದಲು ಕ್ಯಾಮೆರಾ ಹಾಕಿ, ಎಷ್ಟು ಹೆಂಗಸರು ಎಷ್ಟು ವಯಸ್ಸಿನವರು ಬಂದರು ಅಂತ ಎಣಿಸಿಕೊಡುತ್ತೇವೆ ಎಂದರೆ ನಯವಾಗಿ ಬೇಡ ಅನ್ನಿ. ರಸ್ತೆಯಲ್ಲಿ ಹೋಗುವವರ ಮುಖ ಹಿಡಿದಿಟ್ಟುಕೊಳ್ಳುವ ಉಸಾಬರಿ ಸೀರೆ ಅಂಗಡಿಗೆ ಯಾಕೆ?

ತಿರುಗುವ ಸ್ಟ್ಯಾಂಡ್ ನನಗೆ ಮೊದಲಿನಿಂದಲೂ ಆಗದು. ಒಮ್ಮೆ ಶನಿವಾರ ಸಂಜೆ, ಅಂಗಡಿ ತುಂಬಾ ಜನ, ಬೊಂಬೆಯ ಸೆರಗಿನ ಕುಚ್ಚು ಸ್ಟ್ಯಾಂಡಿನ ಸಂದಿಗೆ ಸಿಕ್ಕಿತು. ಮೋಟಾರ್ ನಿಲ್ಲಲಿಲ್ಲ. ಒಂದೊಂದು ಸುತ್ತಿಗೂ ಸೆರಗು ಒಂದೊಂದು ಗೇಣು ಕೆಳಗಿಳಿಯುತ್ತಾ ಹೋಯಿತು. ಹೊರಗೆ ನಿಂತವರು ಫೋನ್ ತೆಗೆದರು. ಅಷ್ಟು ಜನ ನಿಂತು ನೋಡಿದ ನನ್ನ ಶೋಕೇಸ್ ಇನ್ನೊಂದಿಲ್ಲ.

ಸೆಲ್ಫಿ ಪ್ರಶ್ನೆಗೂ ಅದೇ ಉತ್ತರ, ಅಲ್ವಾ? ನಿಂತವರೆಲ್ಲ ಗಿರಾಕಿಗಳಲ್ಲ. ಪಕ್ಕದ ರಸ್ತೆಯವರು ಮಾರುವುದು ಹುಡುಗರ ಶರ್ಟು, ಪ್ಯಾಂಟು. ಫೋಟೋ ತೆಗೆಯುವ ಹುಡುಗರೇ ಅವರ ಗಿರಾಕಿಗಳು, ಅವರಿಗೆ ಅದು ಸರಿಹೋಗಬಹುದು. ನಿಮ್ಮಲ್ಲಿ ಸೀರೆ ಆರಿಸುವವರು ಅವರ ಅಮ್ಮಂದಿರು. ಮುಂದೆ ಹುಡುಗರ ಗುಂಪು ನಿಂತಿದ್ದರೆ ಅವರು ಆಚೆ ಬದಿಯಿಂದಲೇ ಹೋಗಿಬಿಡುತ್ತಾರೆ.

ದುಡ್ಡಿನ ಲೆಕ್ಕ ತಮ್ಮನ ಮುಂದೆ ಕೂತೇ ಹಾಕಿ. ಖರ್ಚೆಲ್ಲ ಕಳೆದು ನಿಮಗೆ ನೂರಕ್ಕೆ 20 ಉಳಿಯುತ್ತದೆ ಎಂದುಕೊಳ್ಳೋಣ. 9 ಲಕ್ಷ ವಾಪಸ್ ಬರಲು 45 ಲಕ್ಷದ ಹೆಚ್ಚುವರಿ ವ್ಯಾಪಾರ ಬೇಕು. ಮೂರು ವರ್ಷಕ್ಕೆ ಹರಡಿದರೆ ತಿಂಗಳಿಗೆ ಒಂದೂಕಾಲು ಲಕ್ಷ. ಇದು ಈಗ ಆಗುತ್ತಿರುವುದರ ಮೇಲೆ. ಕರೆಂಟ್ ಬಿಲ್, ರಿಪೇರಿ, ಹಬ್ಬಕ್ಕೊಂದು ಹೊಸ ವಿಡಿಯೋ ಮಾಡಿಸುವ ಖರ್ಚು ಇದರಲ್ಲಿ ಸೇರಿಲ್ಲ. ವಿಡಿಯೋ ಬದಲಿಸದ ಪರದೆ ಎರಡೇ ತಿಂಗಳಲ್ಲಿ ಗೋಡೆಯ ಕ್ಯಾಲೆಂಡರ್ ಇದ್ದ ಹಾಗೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ಮೊದಲು ಎರಡು ವಾರ ಏನೂ ಮಾಡದೆ ಎಣಿಸುತ್ತಿದ್ದೆ. ಒಬ್ಬ ಹುಡುಗನಿಗೆ ಒಂದು ನೋಟ್‌ಬುಕ್ ಕೊಡಿ. ವಾರದಲ್ಲಿ ಮೂರು ದಿನ, ಸಂಜೆ ಆರರಿಂದ ಏಳು. ಎಷ್ಟು ಜನ ದಾಟಿದರು, ಎಷ್ಟು ಜನ ನಿಧಾನ ಮಾಡಿದರು, ಎಷ್ಟು ಜನ ನಿಂತರು, ಎಷ್ಟು ಜನ ಒಳಗೆ ಬಂದರು. ನಾಲ್ಕು ಸಾಲು, ಬರೀ ಗೀಟು ಹಾಕಿದರೆ ಸಾಕು. ಶೋಕೇಸ್ ಬದಲಿಸಿದ ಮೇಲೆ ಅದೇ ದಿನ ಅದೇ ಹೊತ್ತು ಮತ್ತೆ ಎಣಿಸಿ. ಆಷಾಢವನ್ನು ಶ್ರಾವಣಕ್ಕೆ ಹೋಲಿಸಬೇಡಿ, ಹಬ್ಬ ತಂದ ಜನವನ್ನು ಶೋಕೇಸ್ ತಂದಿತು ಅಂದುಕೊಳ್ಳುತ್ತೀರಿ.

ಆಮೇಲೆ ಬಿಸಿಲಿಗೆ ಒಂದು ಗತಿ ಕಾಣಿಸಿ. ಮಡಚುವ ಬಟ್ಟೆಯ ಚಪ್ಪರ ಹಾಕಿಸಿ, ಮಧ್ಯಾಹ್ನ ಇಳಿಸಿ, ಸಂಜೆ ಎತ್ತಿ. ನಗರಪಾಲಿಕೆಯವರ ತಕರಾರು ಬರದಂತೆ ಎಷ್ಟು ಮುಂದೆ ಚಾಚಬಹುದು ಎಂದು ಮೊದಲೇ ವಿಚಾರಿಸಿಕೊಳ್ಳಿ. ಶೋಕೇಸ್ ಹಿಂಭಾಗ ಕಡು ಬಣ್ಣದ್ದಾದರೆ ಬದಲಿಸಿ. ಕಡು ಬಣ್ಣದ ಮೇಲೆ ಪ್ರತಿಬಿಂಬ ಎದ್ದು ಕಾಣುತ್ತದೆ, ಕೆನೆ ಬಣ್ಣದ ಮೇಲೆ ಅಷ್ಟಿಲ್ಲ. ಬಿಸಿಲು ತಡೆದರೆ ಇನ್ನೊಂದು ಲಾಭ, ಸೀರೆಯ ಮಡಿಕೆಯ ಮೇಲೆ ಬಣ್ಣ ಹೋಗಿ ಬಿಳಿ ಗೆರೆ ಬೀಳುವುದು ಕಡಿಮೆಯಾಗುತ್ತದೆ. ಆದರೂ ಹತ್ತು ದಿನಕ್ಕಿಂತ ಜಾಸ್ತಿ ಒಂದೇ ಸೀರೆ ಬಿಡಬೇಡಿ.

ದುಡ್ಡು ಹಾಕುವುದಾದರೆ ಲೈಟಿಗೆ ಹಾಕಿ. ನಿಮ್ಮಲ್ಲಿ ಈಗ ಸೀಲಿಂಗ್ ತುಂಬ ಚಪ್ಪಟೆ ಪ್ಯಾನೆಲ್ ಲೈಟ್ ಇರಬೇಕು ಅಂತ ನನ್ನ ಊಹೆ. ಅದು ಎಲ್ಲ ಕಡೆಗೂ ಒಂದೇ ಸಮ ಬೆಳಕು ಚೆಲ್ಲುತ್ತದೆ, ಅದರ ಕೆಳಗೆ ಜರಿ ಹಳದಿ ದಾರದ ಹಾಗೆ ಕಾಣುತ್ತದೆ. ಜರಿ ಮಿನುಗಬೇಕಾದರೆ ಬೆಳಕು ಒಂದು ಬಿಂದುವಿನಿಂದ ಬರಬೇಕು. ದೀಪದ ಬೆಳಕಿನಲ್ಲಿ ರೇಷ್ಮೆ ಸೀರೆ ಯಾಕೆ ಅಷ್ಟು ಚೆಂದ ಕಾಣುತ್ತದೆ ಅಂದುಕೊಂಡಿರಿ? ಸಣ್ಣ ಸ್ಪಾಟ್ ಲೈಟ್ ಹಾಕಿ. 3000 ಕೆಲ್ವಿನ್, ಅಂದರೆ ತುಸು ಹಳದಿ ಬೆಳಕಿನದು; ಸಿಆರ್‌ಐ, ಅಂದರೆ ಬಣ್ಣವನ್ನು ಇದ್ದಂತೆ ತೋರಿಸುವ ಅಳತೆ, 90ಕ್ಕಿಂತ ಮೇಲಿನದು. ನೇರ ನೆತ್ತಿಯ ಮೇಲಿಂದ ಬೇಡ, ಮುಂದಿನ ಮೇಲ್ಮೂಲೆಯಿಂದ ಓರೆಯಾಗಿ ಬೀಳಲಿ. ಆಗ ನೆರಿಗೆಯ ಒಳಗೆ ನೆರಳು, ಅಂಚಿನ ಮೇಲೆ ಬೆಳಕು. ಸಿಆರ್‌ಐ ಕಡಿಮೆಯಿದ್ದರೆ ಇಳಕಲ್ ಸೀರೆಯ ಆ ಕೆಂಪು ಸೆರಗು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಒಳಗೆ ಬಂದವರು 'ಹೊರಗಿದ್ದ ಬಣ್ಣ ಇದಲ್ಲ' ಅನ್ನುತ್ತಾರೆ.

ಈಗ ಗಿಂಜಾಗೆ ಬರುತ್ತೇನೆ. ಹದಿನಾಲ್ಕು ಅಡಿಯಲ್ಲಿ ಒಂಬತ್ತು ಸೀರೆ ಬೇಡ, ಮೂರು ಸಾಕು. ಅದರಲ್ಲಿ ಒಂದು ಮಾತ್ರ ಅಲುಗಲಿ. ಶಾಟ್ ಬಣ್ಣದ ಮೆತ್ತನೆಯ ರೇಷ್ಮೆ ಆರಿಸಿ, ಹಾಸಿನ ಉದ್ದ ಎಳೆಯ ಬಣ್ಣ ಬೇರೆ, ಹೊಕ್ಕಿನ ಅಡ್ಡ ಎಳೆಯ ಬಣ್ಣ ಬೇರೆ ಇರುತ್ತದಲ್ಲ, ಅಂಥದ್ದು. ಸೆರಗನ್ನು ಮೇಲಿನಿಂದ ಪೂರ್ತಿ ಇಳಿಬಿಡಿ. ಕೆಳಗೆ ಮರೆಯಲ್ಲಿ ಸಣ್ಣ ಫ್ಯಾನ್, ಅತಿ ಕಡಿಮೆ ವೇಗ, ಟೈಮರ್ ಇಟ್ಟು ಹತ್ತು ಸೆಕೆಂಡ್ ಗಾಳಿ, ಇಪ್ಪತ್ತು ಸೆಕೆಂಡ್ ಬಿಡುವು. ಗಾಳಿ ಬಂದಾಗ ಹಸಿರು ಹೋಗಿ ನೇರಳೆ ಬರುತ್ತದೆ, ನಿಂತಾಗ ಮತ್ತೆ ಹಸಿರು. ಮೂರು ಸೆಕೆಂಡಿನಲ್ಲಿ ದಾಟುವವರ ಕಣ್ಣಂಚಿಗೆ ಅಷ್ಟು ಸಾಕು. ಸುತ್ತ ಎಲ್ಲ ನಿಂತಿರುವಾಗ ಅಲುಗುವ ಒಂದನ್ನು ಕಣ್ಣು ಬಿಡುವುದಿಲ್ಲ. ಭಾರದ ಕಾಂಚೀಪುರಂ ಸೀರೆ ಇದಕ್ಕೆ ಬೇಡ, ಅದು ಜಪ್ಪಯ್ಯ ಅಂದರೂ ಅಲುಗದು.

ಇನ್ನು ಏಜೆನ್ಸಿಯವರು ಮರೆತ ಇಂದ್ರಿಯ. ಸೀರೆ ಕೊಳ್ಳುವವರು ಮೊದಲು ಮಾಡುವುದೇನು? ಹೆಬ್ಬೆರಳು, ತೋರುಬೆರಳ ನಡುವೆ ಅಂಚು ಹಿಡಿದು ಉಜ್ಜುತ್ತಾರೆ. ಗಾಜು ತಡೆಯುವುದು ಅದನ್ನೇ. ಶೋಕೇಸ್ ಮುಗಿದು ಬಾಗಿಲು ಶುರುವಾಗುವ ಕಡೆ, ಕೈಗೆ ಎಟುಕುವ ಎತ್ತರಕ್ಕೆ ಒಂದು ಮರದ ಕೋಲು ಕಟ್ಟಿ. ಅಲುಗುವ ಸೀರೆಯದೇ ಬಟ್ಟೆ ಒಂದೂವರೆ ಮೀಟರ್ ಅಲ್ಲಿ ತೂಗುಹಾಕಿ. 'ಮುಟ್ಟಿ ನೋಡಿ' ಅಂತ ಒಂದು ಚೀಟಿ. ವಾರಕ್ಕೊಮ್ಮೆ ಬದಲಿಸಿ, ಕೊಳೆಯಾದ ಬಟ್ಟೆ ಮುಟ್ಟಲು ಯಾರಿಗೂ ಮನಸ್ಸಾಗುವುದಿಲ್ಲ. ಮುಟ್ಟಲು ನಿಂತವರು ಆಗಲೇ ನಿಮ್ಮ ಹೊಸ್ತಿಲ ಮೇಲಿರುತ್ತಾರೆ. ಮಲ್ಲಿಗೆ ತಟ್ಟೆಯೂ ಅಲ್ಲೇ ಇದೆಯಲ್ಲ.

ಸದ್ದಿಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ವ್ಯಾಪಾರದ ಜಾಗದಲ್ಲಿ ಕಾನೂನಿನ ಮಿತಿ ಹಗಲು 65 ಡೆಸಿಬಲ್, ರಾತ್ರಿ ಹತ್ತರ ಮೇಲೆ 55. ಅಂಗಡಿಯಲ್ಲಿ ಸಿನಿಮಾ ಹಾಡು ಹಾಕಲು ಹಕ್ಕುದಾರರ ಲೈಸೆನ್ಸ್ ಬೇಕು. ಎಲ್ಲಕ್ಕಿಂತ ಮುಖ್ಯ, ದಿನಕ್ಕೆ ನೂರು ಸಲ ಅದೇ ಸದ್ದು ಕೇಳಬೇಕಾದವರು ನಿಮ್ಮ ಸೇಲ್ಸ್ ಹುಡುಗಿಯರು.

ತಮ್ಮನಿಗೆ ಪರದೆಯ ಆಸೆ ಇನ್ನೂ ಹೋಗದಿದ್ದರೆ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಮದುವೆಗಳಿಗೆ ಎಲ್‌ಇಡಿ ವಾಲ್ ಹಾಕುವವರು ನಿಮ್ಮೂರಿನಲ್ಲೂ ಇರುತ್ತಾರೆ. ಹಬ್ಬವಿಲ್ಲದ ಎರಡು ವಾರ ಹಾಕಿಸಿ, ಅದೇ ನೋಟ್‌ಬುಕ್‌ನಲ್ಲಿ ಗೀಟು ಹಾಕಿಸಿ. ಒಳಗೆ ಬಂದವರ ಸಾಲು ನಿಜಕ್ಕೂ ಉದ್ದವಾದರೆ ಆಮೇಲೆ ಕೊಳ್ಳುವ ಮಾತು. ಆಗಲೂ ಕೆಟ್ಟರೆ ಎಷ್ಟು ಗಂಟೆಯಲ್ಲಿ ಯಾರು ಬರುತ್ತಾರೆ, ವಿಡಿಯೋ ಯಾರು ಬದಲಿಸುತ್ತಾರೆ ಎಂಬುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಯಾವ ದಾರಿ ಹಿಡಿದರೂ ಶೋಕೇಸ್‌ಗೆ ಬೇರೆ ಎಂಸಿಬಿ (ಕರೆಂಟ್ ಹೆಚ್ಚು ಹರಿದರೆ ತಾನಾಗಿ ಆರುವ ಸ್ವಿಚ್) ಹಾಕಿಸಿ, ಬಟ್ಟೆಯ ಹಿಂದೆ ಎಕ್ಸ್‌ಟೆನ್ಶನ್ ಬೋರ್ಡ್ ಬಚ್ಚಿಡಬೇಡಿ, ಬಿಸಿ ಗಾಳಿ ಹೊರಗೆ ಹೋಗಲು ಮೇಲೆ ಜಾಲರಿ ಬಿಡಿ. ಚಪ್ಪರ, ಲೈಟು, ಫ್ಯಾನು, ವೈರಿಂಗ್ ಎಲ್ಲ ಸೇರಿ ಒಂದೂವರೆ ಲಕ್ಷದೊಳಗೆ ಮುಗಿಯಬೇಕು ಎಂಬುದು ನನ್ನ ಅಂದಾಜು.

ಬೊಂಬೆಗಳನ್ನು ಬಿಸಾಡಬೇಡಿ. ದಸರೆಗೆ ಬೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಬೊಂಬೆ ಎಷ್ಟೇ ಹಳೆಯದಾದರೂ ತೆಗೆಯುವುದಿಲ್ಲ, ಪ್ರತಿ ವರ್ಷ ಬಟ್ಟೆ ಬದಲಿಸುತ್ತಾರೆ. ನಿಮ್ಮ ಫೈಬರ್ ಬೊಂಬೆಗಳ ಹಳೆಯ ಗುಲಾಬಿ ಬಣ್ಣ, ಬಿಡಿಸಿದ ಹುಬ್ಬು, ಸಿಂಥೆಟಿಕ್ ಕೂದಲು ತೆಗೆಸಿ. ಕಾರಿಗೆ ಬಣ್ಣ ಹೊಡೆಯುವವರ ಹತ್ತಿರ ಹೊಳಪಿಲ್ಲದ ಮಣ್ಣಿನ ಬಣ್ಣ ಹೊಡೆಸಿ, ಹೊಳಪಿದ್ದರೆ ಸ್ಪಾಟ್ ಲೈಟ್ ಬೊಂಬೆಯ ಹಣೆಯ ಮೇಲೆ ಕೂರುತ್ತದೆ. ಬೆರಳು ಮುರಿದಿದ್ದರೆ ಆ ಕೈಯನ್ನು ಸೆರಗಿನಿಂದ ಮುಚ್ಚಿ. ಮತ್ತೆ ಒಂದು ಕೇಳುತ್ತೇನೆ, ಸಿಟ್ಟಾಗಬೇಡಿ. ಮೂವತ್ತು ವರ್ಷದಿಂದ ಆ ಬೊಂಬೆಗಳಿಗೆ ನೆರಿಗೆ ಹಿಡಿದು ಸೀರೆ ಉಡಿಸುತ್ತಿರುವವರು ಯಾರು? ನಿಮ್ಮ ತಾಯಿಯವರಾ, ಹಳೆಯ ಕೆಲಸದವರಾ? ಅವರನ್ನು ಒಮ್ಮೆ ರಸ್ತೆಯ ಆಚೆ ಬದಿಗೆ ಕರೆದುಕೊಂಡು ಹೋಗಿ, ಅಲ್ಲಿಂದ ಏನು ಕಾಣುತ್ತದೆ ಅಂತ ಕೇಳಿ.